ಸೂಪರ್‌ಸಿಮೆಟ್ರಿ ಇರುವ ಸಮೀಕರಣಗಳಲ್ಲಿ ಸಾಲಿಟಾನ್ ಹುಡುಕುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಮುಂಬೈ, ಪುಣೆ, ಗೋವಾಗಳಲ್ಲಿ ಭೌತಶಾಸ್ತ್ರವನ್ನೋ ಗಣಿತವನ್ನೋ ಓದುತ್ತಿರುವ ಕನ್ನಡದ ಹುಡುಗ ಹುಡುಗಿಯರು ಮಾತಿನಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಇಟ್ಟಿದ್ದೇವೆ. ಸಾಲಿಟಾನ್ ಎಂದರೆ ಆಕಾರ ಕೆಡದೆ ಸಾಗುವ ಒಂಟಿ ಅಲೆ. ಉದಾಹರಣೆಗಳು ಹೆಚ್ಚಾಗಿ ಎನ್=1 (ಅಂದರೆ ಒಂದೇ ಸೂಪರ್‌ಸಿಮೆಟ್ರಿ ಇರುವ) ಸೂಪರ್ ಕೆಡಿವಿ ಸಮೀಕರಣದವು. ಅದರಲ್ಲಿ ಕೈ ಪಳಗಿದರೆ ಉಳಿದ ಸಮೀಕರಣಗಳಿಗೆ ಹೆದರಬೇಕಿಲ್ಲ.

ಗುರುತುಗಳು ಹೀಗೆ: ∂ ಎಂದರೆ ಎಕ್ಸ್ ದಿಕ್ಕಿನ ಅವಕಲನ, ∂ಟಿ ಎಂದರೆ ಕಾಲದ ಅವಕಲನ. ಈಟಾ = ಕೆ·ಎಕ್ಸ್ − ಕೆ³·ಟಿ, ಇಲ್ಲಿ ಕೆ ಪ್ರತಿ ಸಾಲಿಟಾನ್‌ಗೂ ಅದರದೇ ಆದ ಸ್ಥಿರಾಂಕ. ವೈ ಎಂದರೆ ಈಟಾದ ಎಕ್ಸ್‌ಪೊನೆನ್ಷಿಯಲ್.

## ಮೊದಲ ಮೆಟ್ಟಿಲು

ಸಾಲಿಟಾನ್ ಅಂದ್ರೆ ಗೊತ್ತು. ಅದಕ್ಕೆ "ಸೂಪರ್" ಸೇರಿದ್ರೆ ಏನು ಬದಲಾಗುತ್ತೆ?

ಕೆಡಿವಿ ಸಮೀಕರಣ 1895ರದು. ಆಳವಿಲ್ಲದ ಕಾಲುವೆಯ ಅಲೆಗಾಗಿ ಕೊರ್ಟೆವೆಗ್ ಮತ್ತು ಡಿ ಫ್ರೀಸ್ ಬರೆದದ್ದು. ಅದರಲ್ಲಿ ಅಜ್ಞಾತ ಒಂದೇ, ಅಲೆಯ ಎತ್ತರ ಯು. ಸೂಪರ್ ಕೆಡಿವಿಯಲ್ಲಿ ಯು ಜೊತೆಗೆ ಕ್ಸೈ ಎಂಬ ಇನ್ನೊಂದು ಕ್ಷೇತ್ರ ಬರುತ್ತದೆ. ಅದು ಬೆಸ ಕ್ಷೇತ್ರ: ಅದರ ಎರಡು ಬೆಲೆಗಳನ್ನು ಅದಲುಬದಲು ಮಾಡಿ ಗುಣಿಸಿದರೆ ಚಿಹ್ನೆ ತಿರುಗುತ್ತದೆ, ಅದನ್ನು ಅದರಿಂದಲೇ ಗುಣಿಸಿದರೆ ಸೊನ್ನೆ. ಯು ಮತ್ತು ಕ್ಸೈಗಳನ್ನು ಒಂದಕ್ಕೊಂದು ಬೆರೆಸುವ ರೂಪಾಂತರ ಮಾಡಿದರೂ ಸಮೀಕರಣ ಹಾಗೆಯೇ ಉಳಿಯಬೇಕು. ಸೂಪರ್‌ಸಿಮೆಟ್ರಿ ಎಂದರೆ ಇಷ್ಟೇ. ಇಲ್ಲಿ ಆ ರೂಪಾಂತರ ಹೀಗಿದೆ: ಕ್ಸೈಗೆ ಎಪ್ಸಿಲಾನ್·ಯು ಸೇರುತ್ತದೆ, ಯುಗೆ ಎಪ್ಸಿಲಾನ್·∂ಕ್ಸೈ ಸೇರುತ್ತದೆ. ಎಪ್ಸಿಲಾನ್ ಒಂದು ಬೆಸ ಸ್ಥಿರಾಂಕ.

ನಾ ಪುಣೆದಾಗ ಎಂ.ಎಸ್ಸಿ ಓದಾಕತ್ತೀನಿ. ಕೆಡಿವಿ ಗೊತ್ತೈತಿ. ಇದಕ್ಕ ಮತ್ತೇನು ಕಲೀಬೇಕ್ರಿ?

ಎರಡೇ ವಿಷಯ. ಒಂದು, ಹಿರೋಟಾ 1971ರಲ್ಲಿ ಕೊಟ್ಟ ದ್ವಿರೇಖೀಯ ವಿಧಾನ. ಸಾಮಾನ್ಯ ಕೆಡಿವಿಯ ಎರಡು ಸಾಲಿಟಾನ್‌ಗಳನ್ನು ಪುಸ್ತಕ ನೋಡದೆ ಬರೆಯುವಷ್ಟು ಅಭ್ಯಾಸ ಬೇಕು. ಇನ್ನೊಂದು, ಗ್ರಾಸ್‌ಮನ್ ಬೀಜಗಣಿತ, ಅಂದರೆ ಬೆಸ ಸಂಕೇತಗಳ ಲೆಕ್ಕ. ಕ್ವಾಂಟಂ ಕ್ಷೇತ್ರ ಸಿದ್ಧಾಂತ ಓದಿರಲೇಬೇಕೆಂದಿಲ್ಲ. ಮೂರು ಬೆಸ ಸಂಕೇತಗಳಿಂದ ಹುಟ್ಟುವ 8 ಪದಗಳ ಗುಣಾಕಾರ ಕೋಷ್ಟಕವನ್ನು ಒಮ್ಮೆ ಕೈಯಿಂದಲೇ ಬರೆಯಿರಿ. ಮುಂದೆ ಕಾಡುವ ಚಿಹ್ನೆಯ ತಪ್ಪುಗಳಲ್ಲಿ ಬಹುಪಾಲು ಅಲ್ಲೇ ಕಳೆದುಹೋಗುತ್ತವೆ.

ಮುಂಬೈ, ಪುಣೆ, ಗೋವಾ ಕಡೆ ಇದನ್ನ ಯಾರ ಹತ್ರ ಕೇಳೋದು? ನಮ್ಮ ಡಿಪಾರ್ಟ್‌ಮೆಂಟಲ್ಲಿ ಯಾರೂ ಇದರ ಮೇಲೆ ಕೆಲಸ ಮಾಡ್ತಿಲ್ಲ.

ಈ ವಿಷಯ ಒಂದೇ ವಿಭಾಗದೊಳಗೆ ಸಿಗುವಂಥದ್ದಲ್ಲ. ಗ್ರಾಸ್‌ಮನ್ ಲೆಕ್ಕವನ್ನು ಕ್ಷೇತ್ರ ಸಿದ್ಧಾಂತದವರು, ಸ್ಟ್ರಿಂಗ್ ಸಿದ್ಧಾಂತದವರು ಬಲ್ಲರು. ಹಿರೋಟಾ ವಿಧಾನವನ್ನು ನಾನ್‌ಲೀನಿಯರ್ ಡೈನಾಮಿಕ್ಸ್‌ನವರು, ಅನ್ವಯಿಕ ಗಣಿತದವರು ಬಲ್ಲರು. ಇಬ್ಬರನ್ನೂ ಬೇರೆ ಬೇರೆಯಾಗಿ ಕೇಳಿ. ಕೊಲಾಬಾದ ಟಿಐಎಫ್‌ಆರ್, ಪೊವೈನ ಐಐಟಿ, ಕಲೀನಾದ ಮುಂಬೈ ವಿಶ್ವವಿದ್ಯಾಲಯ, ಪಾಷಾಣ್‌ನ ಐಸರ್, ಗೋವಾ ವಿಶ್ವವಿದ್ಯಾಲಯ, ಝುವಾರಿನಗರದ ಬಿಟ್ಸ್, ಎಲ್ಲಿದ್ದರೂ ಭೌತಶಾಸ್ತ್ರ ಮತ್ತು ಗಣಿತ ಎರಡೂ ವಿಭಾಗಗಳ ಬಾಗಿಲು ತಟ್ಟಬೇಕು. "ಸೂಪರ್‌ಸಿಮೆಟ್ರಿ ಕಲಿಸಿ" ಎಂದು ಹೋಗಬೇಡಿ. ಎಲ್ಲಿ ಸಿಕ್ಕಿಬಿದ್ದಿದೆಯೋ ಆ ಒಂದು ಪುಟದ ಲೆಕ್ಕವನ್ನು ಹಿಡಿದು ಹೋಗಿ. ಟಿಐಎಫ್‌ಆರ್‌ನದೇ ಅಂಗವಾದ ಬೆಂಗಳೂರಿನ ಐಸಿಟಿಎಸ್‌ನ ಉಪನ್ಯಾಸಗಳು ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತವೆ.

ಕ್ಸೈ ಸಂಖ್ಯೆಯೇ ಅಲ್ಲ ಅಂತೀರಿ. ಹಾಗಾದ್ರೆ ಗ್ರಾಫ್ ಹೇಗೆ ಹಾಕೋದು?

ಕ್ಸೈಯನ್ನೇ ಗ್ರಾಫ್ ಮಾಡಲಾಗದು, ಅದರ ಸಹಗುಣಕಗಳನ್ನು ಮಾಡಬಹುದು. ಪರಿಹಾರದಲ್ಲಿ ಝೀಟಾ₁, ಝೀಟಾ₂ ಎಂಬ ಎರಡು ಬೆಸ ಸ್ಥಿರಾಂಕಗಳಿದ್ದರೆ ಕ್ಸೈ = ಝೀಟಾ₁·ಪಿ₁ + ಝೀಟಾ₂·ಪಿ₂ ಮತ್ತು ಯು = ಯು₀ + ಝೀಟಾ₁ಝೀಟಾ₂·ಕ್ಯು. ಪಿ₁, ಪಿ₂, ಯು₀, ಕ್ಯು ನಾಲ್ಕೂ ಎಕ್ಸ್ ಮತ್ತು ಟಿಗಳ ಸಾಮಾನ್ಯ ಫಲನಗಳು, ಆದ್ದರಿಂದ ನಾಲ್ಕು ಗ್ರಾಫ್. ಕೆಲವರು ಝೀಟಾಗೆ 0.5 ಎಂದೋ 1 ಎಂದೋ ಬೆಲೆ ಕೊಟ್ಟು ಚಿತ್ರ ಬಿಡಿಸುತ್ತಾರೆ. ಆಗ ಝೀಟಾದ ವರ್ಗ ಸೊನ್ನೆ ಎಂಬ ನಿಯಮವೇ ಮುರಿದುಹೋಗುತ್ತದೆ, ಆ ಚಿತ್ರ ಯಾವ ಸಮೀಕರಣದ ಪರಿಹಾರವೂ ಅಲ್ಲ.

ಸೂಪರ್ ಕೆಡಿವಿ ಅನ್ನೋ ಹೆಸರಲ್ಲಿ ಮೂರ್ನಾಲ್ಕು ಸಮೀಕರಣ ಕಾಣ್ಸುತ್ತೆ. ಯಾವುದನ್ನ ಹಿಡ್ಕೊಳ್ಳಲಿ?

ಹೆಸರನ್ನು ನಂಬಬೇಡಿ, ಸಮೀಕರಣವನ್ನು ನೋಡಿ. ಕುಪರ್‌ಶ್ಮಿಟ್ 1984ರಲ್ಲಿ ಕೊಟ್ಟದ್ದರಲ್ಲಿ ಬೆಸ ಕ್ಷೇತ್ರವಿದೆ, ಇಂಟಿಗ್ರಬಿಲಿಟಿಯೂ (ನಿಖರವಾಗಿ ಬಿಡಿಸಲು ಬರುವ ಗುಣ) ಇದೆ, ಆದರೆ ಸೂಪರ್‌ಸಿಮೆಟ್ರಿ ಇಲ್ಲ. ಕಂಡುಹಿಡಿಯುವುದು ಸುಲಭ: ಅಲ್ಲಿ ಕ್ಸೈಯ ಮೂರನೆಯ ಅವಕಲನದ ಸಹಗುಣಕ ಯುನದರ ನಾಲ್ಕು ಪಟ್ಟು. ಮೇಲಿನ ರೂಪಾಂತರ ಯು, ಕ್ಸೈಗಳನ್ನು ಅದಲುಬದಲು ಮಾಡುವುದರಿಂದ ಸೂಪರ್‌ಸಿಮೆಟ್ರಿ ಬೇಕೆಂದರೆ ಈ ಎರಡು ಸಹಗುಣಕಗಳು ಒಂದೇ ಆಗಿರಬೇಕು.

ನಮಗೆ ಬೇಕಾದದ್ದು ಮಾನಿನ್ ಮತ್ತು ರಾದುಲ್ 1985ರಲ್ಲಿ ಕೊಟ್ಟ, 1988ರಲ್ಲಿ ಮ್ಯಾಥ್ಯೂ ವಿವರವಾಗಿ ಪರಿಶೀಲಿಸಿದ ಸಮೀಕರಣ. ಥೀಟಾ ಎಂಬ ಬೆಸ ಚರಾಕ್ಷರ ಸೇರಿಸಿ ಫೈ = ಕ್ಸೈ + ಥೀಟಾ·ಯು ಎಂದು ಬರೆದು, ಡಿ = ∂ಥೀಟಾ + ಥೀಟಾ·∂ ಎಂದಿಟ್ಟುಕೊಂಡರೆ (ಡಿ² = ∂ ಎಂದು ಮೊದಲು ಪರೀಕ್ಷಿಸಿ):

∂ಟಿ ಫೈ + ∂³ಫೈ + 3∂(ಫೈ·ಡಿಫೈ) = 0

ಬಿಡಿಸಿದರೆ ಎರಡು ಸಮೀಕರಣ:

∂ಟಿ ಯು + ∂³ಯು + 6ಯು·∂ಯು − 3ಕ್ಸೈ·∂²ಕ್ಸೈ = 0
∂ಟಿ ಕ್ಸೈ + ∂³ಕ್ಸೈ + 3∂(ಯು·ಕ್ಸೈ) = 0

ಕೊನೆಯ ಪದದ ಬದಲು 6(ಡಿಫೈ)(∂ಫೈ) ಇದ್ದರೂ ಸೂಪರ್‌ಸಿಮೆಟ್ರಿ ಇರುತ್ತದೆ, ಆದರೆ ಆಗ ಯು ತನ್ನಷ್ಟಕ್ಕೆ ತಾನು ಸಾಮಾನ್ಯ ಕೆಡಿವಿಯನ್ನೇ ಪಾಲಿಸುತ್ತದೆ. ಕ್ಸೈ ಅದರ ಬೆನ್ನ ಮೇಲೆ ಸವಾರಿ ಮಾಡುತ್ತದೆಯೇ ಹೊರತು ಯುವನ್ನು ಮುಟ್ಟುವುದೇ ಇಲ್ಲ. ಅದರ ಸಾಲಿಟಾನ್‌ಗಳ ಮೇಲೆ ಶ್ರಮ ಹಾಕುವ ಮೊದಲು ಇದು ತಿಳಿದಿರಲಿ.

## ಲೆಕ್ಕಕ್ಕೆ ಇಳಿದಾಗ

ಹಿರೋಟಾ ವಿಧಾನ ಇಲ್ಲಿ ಹೇಗೆ ನಡೆಯುತ್ತೆ? ಹಂತ ಹಂತವಾಗಿ ಹೇಳಿ.

ಮೆಕ್‌ಆರ್ಥರ್ ಮತ್ತು ಯುಂಗ್ 1993ರಲ್ಲಿ ದಾರಿ ತೋರಿಸಿದರು. ಕಾರ್ಸ್ಟಿಯಾ 2000ದಲ್ಲಿ ಅದನ್ನು ಸಾಲಿಟಾನ್ ಲೆಕ್ಕಕ್ಕೆ ಒಗ್ಗಿಸಿದರು.

ಮೊದಲು ಫೈ = 2ಡಿ∂(ಲಾಗ್ ಎಫ್) ಎಂದು ಬದಲಿಸಿ. ಎಫ್ ಸಮ ಸೂಪರ್‌ಫೀಲ್ಡ್, ಅಂದರೆ ಥೀಟಾ ಒಳಗೊಂಡರೂ ಗುಣಾಕಾರದಲ್ಲಿ ಚಿಹ್ನೆ ತಿರುಗಿಸದ ಕ್ಷೇತ್ರ. ಆಮೇಲೆ ಹಿರೋಟಾ ಅವಕಲನಗಳಿಗೆ (ಎಕ್ಸ್‌ನದು ಹ, ಕಾಲದ್ದು ಹಟಿ) ಜೊತೆಯಾಗಿ ಬೆಸ ಅವಕಲನ ಎಸ್ ಅನ್ನು ತನ್ನಿ: ಎಸ್ ಎಫ್·ಜಿ = (ಡಿಎಫ್)ಜಿ − ಎಫ್(ಡಿಜಿ), ಎರಡೂ ಸಮವಾಗಿದ್ದಾಗ. ಸಮೀಕರಣ ಹೀಗಾಗುತ್ತದೆ:

ಎಸ್(ಹಟಿ + ಹ³) ಎಫ್·ಎಫ್ = 0

ಇದನ್ನು ನಂಬುವ ಮುನ್ನ ಒಮ್ಮೆ ಬಿಡಿಸಿ ನೋಡಿ. ಲಾಗ್ ಎಫ್ ಅನ್ನು ಎಲ್ ಎಂದರೆ ಎಡಭಾಗವನ್ನು ಎಫ್²ದಿಂದ ಭಾಗಿಸಿದಾಗ 2ಡಿ∂ಟಿ ಎಲ್ + 2ಡಿ∂³ಎಲ್ + 12(ಡಿ∂ಎಲ್)(∂²ಎಲ್) ಬರಬೇಕು. ಅದಕ್ಕೆ ∂ ಹಚ್ಚಿದರೆ ನಮ್ಮ ಸಮೀಕರಣ.

ಈಗ ಎಫ್ = 1 + ವೈ(1 + ಥೀಟಾ·ಝೀಟಾ) ಎಂದು ಹಾಕಿ. ಕಾಲದ ಸಹಗುಣಕ −ಕೆ³ ಆಗಿದ್ದರೆ ಎಲ್ಲ ಪದಗಳೂ ಸೊನ್ನೆಯಾಗುತ್ತವೆ. ಉತ್ತರ:

ಯು = 2ಕೆ²·ವೈ/(1+ವೈ)², ಕ್ಸೈ = 2ಕೆ·ಝೀಟಾ·ವೈ/(1+ವೈ)²

ಎತ್ತರ ಕೆ²/2, ವೇಗ ಕೆ². ಸಾಮಾನ್ಯ ಕೆಡಿವಿಯದೇ.

ಒಂದು ಸೂಪರ್ ಸಾಲಿಟಾನ್ ಸಿಕ್ಕಿತು, ಕ್ಸೈ ಸೊನ್ನೆ ಅಲ್ಲ. ಇದು ಹೊಸ ಪರಿಹಾರ ತಾನೇ?

ಅಲ್ಲ. ಮೇಲಿನ ಎರಡು ಸೂತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡಿ: ಕ್ಸೈ = (ಝೀಟಾ/ಕೆ)·ಯು. ಮೊದಲ ಪ್ರಶ್ನೆಯ ರೂಪಾಂತರದಲ್ಲಿ ಎಪ್ಸಿಲಾನ್ = ಝೀಟಾ/ಕೆ ಎಂದಿಟ್ಟು ಸಾಮಾನ್ಯ ಸಾಲಿಟಾನ್ ಮೇಲೆ ಹಚ್ಚಿದರೆ ಬರುವುದು ಇದೇ. ಹಳೆಯ ಸಾಲಿಟಾನನ್ನೇ ಸೂಪರ್‌ಸಿಮೆಟ್ರಿಯ ದಿಕ್ಕಿನಲ್ಲಿ ಸ್ವಲ್ಪ ಸರಿಸಿದ್ದೇವೆ, ಅಷ್ಟೇ. ಈ ವಿಷಯದಲ್ಲಿ ನಾವು ಎಲ್ಲಕ್ಕಿಂತ ಒತ್ತಿ ಹೇಳಬೇಕಾದ ಮಾತು ಇದು. ಕ್ಸೈ ಸೊನ್ನೆಯಲ್ಲ ಎಂಬುದೊಂದೇ ಪರಿಹಾರ ಹೊಸದು ಎನ್ನಲು ಸಾಲದು. ಒಂದೇ ಎಪ್ಸಿಲಾನ್‌ನಿಂದ ಕ್ಸೈಯನ್ನು ಪೂರ್ತಿ ಅಳಿಸಿಹಾಕಲು ಆಗುತ್ತದೆಯೇ ಎಂದು ಕೇಳಬೇಕು. ಒಂದು ಸಾಲಿಟಾನ್ ಇದ್ದರೆ ಯಾವಾಗಲೂ ಆಗುತ್ತದೆ. ಎರಡಿದ್ದಾಗ ಝೀಟಾ₁/ಕೆ₁ ಮತ್ತು ಝೀಟಾ₂/ಕೆ₂ ಬೇರೆ ಬೇರೆಯಾಗಿದ್ದರೆ ಆಗುವುದಿಲ್ಲ. ನಿಜವಾದ ಸೂಪರ್ ಪರಿಹಾರ ಶುರುವಾಗುವುದು ಅಲ್ಲಿಂದ.

ಎರಡು ಸಾಲಿಟಾನ್‌ಗೆ ಸಾಮಾನ್ಯ ಕೆಡಿವಿಯ ಎ₁₂ ಅನ್ನೇ ಹಾಕಿದೆ, ಸಮೀಕರಣ ಸರಿಹೋಗ್ತಿಲ್ಲ. ಯಾಕೆ?

ಏಕೆಂದರೆ ಇಲ್ಲಿ ಅಡ್ಡಪದದ, ಅಂದರೆ ವೈ₁ವೈ₂ ಪದದ, ಸಹಗುಣಕ (ಸಾಮಾನ್ಯ ಕೆಡಿವಿಯಲ್ಲಿ ಎ₁₂) ಕೇವಲ ಒಂದು ಸಂಖ್ಯೆಯಲ್ಲ. ಅದಕ್ಕೆ ತನ್ನದೇ ಬೆಸ ಭಾಗವಿದೆ. ಹೀಗೆ ಶುರುಮಾಡಿ:

ಎಫ್ = 1 + ವೈ₁(1+ಥೀಟಾ·ಝೀಟಾ₁) + ವೈ₂(1+ಥೀಟಾ·ಝೀಟಾ₂) + (ಎ + ಥೀಟಾ·ಬಿ)ವೈ₁ವೈ₂

ಎ ಮತ್ತು ಬಿ ಗೊತ್ತಿಲ್ಲ. ವೈ₁ವೈ₂ ಪದಗಳನ್ನು ಒಂದೆಡೆ ಕೂಡಿಸಿ, 3ಕೆ₁ಕೆ₂ ಹೊಡೆದುಹಾಕಿದರೆ ಉಳಿಯುವುದು:

(ಕೆ₁+ಕೆ₂)·[ಬಿ + ಥೀಟಾ·ಎ(ಕೆ₁+ಕೆ₂)] = (ಕೆ₁−ಕೆ₂)·[(ಝೀಟಾ₁−ಝೀಟಾ₂) + ಥೀಟಾ(ಕೆ₁−ಕೆ₂)]·[1 + ಥೀಟಾ(ಝೀಟಾ₁+ಝೀಟಾ₂)]

ಬಲಗಡೆ ಬಿಡಿಸುವಾಗ (ಝೀಟಾ₁−ಝೀಟಾ₂)(ಝೀಟಾ₁+ಝೀಟಾ₂) ಸೊನ್ನೆಯಲ್ಲ. ಅದು 2ಝೀಟಾ₁ಝೀಟಾ₂. ಶಾಲೆಯಲ್ಲಿ ಕಲಿತ ವರ್ಗಗಳ ವ್ಯತ್ಯಾಸದ ಸೂತ್ರ ಇಲ್ಲಿ ನಡೆಯದು. ಜೊತೆಗೆ, ಥೀಟಾವನ್ನು ಎಡಕ್ಕೆ ತರುವಾಗ ಚಿಹ್ನೆ ತಿರುಗುತ್ತದೆ. ಕೊನೆಗೆ:

ಎ = (ಕೆ₁−ಕೆ₂)(ಕೆ₁−ಕೆ₂ − 2ಝೀಟಾ₁ಝೀಟಾ₂)/(ಕೆ₁+ಕೆ₂)²
ಬಿ = (ಕೆ₁−ಕೆ₂)(ಝೀಟಾ₁−ಝೀಟಾ₂)/(ಕೆ₁+ಕೆ₂)

ಮೇಲಿನ ದರ್ಜೆಯ ಪದಗಳೆಲ್ಲ ತಾವಾಗಿಯೇ ಸೊನ್ನೆಯಾಗುತ್ತವೆ. ಆದ್ದರಿಂದ ಇದು ಅಂದಾಜಲ್ಲ, ನಿಖರ ಪರಿಹಾರ.

ಹಳೇ ಲೇಖನದಲ್ಲಿ ಕೆ₁ಝೀಟಾ₂ = ಕೆ₂ಝೀಟಾ₁ ಅನ್ನೋ ಷರತ್ತು ಇದೆ. ಅದನ್ನ ಹಾಕ್ಲೇಬೇಕಾ?

ಬೇಡ. ಅಡ್ಡಪದವನ್ನು ಎ₁₂ ಗುಣಿಸು ಎರಡು ಎಕ್ಸ್‌ಪೊನೆನ್ಷಿಯಲ್ ಎಂಬ ಹಳೆಯ ಅಚ್ಚಿನಲ್ಲೇ ಹುಡುಕಿದರೆ ಮಾತ್ರ ಆ ಷರತ್ತು ಬೇಕಾಗುತ್ತದೆ. ಆ ಷರತ್ತು ಹಾಕಿದ ಕ್ಷಣ ಝೀಟಾ₁/ಕೆ₁ ಮತ್ತು ಝೀಟಾ₂/ಕೆ₂ ಒಂದೇ ಆಗುತ್ತವೆ, ಅಂದರೆ ಇಡೀ ಪರಿಹಾರ ಮತ್ತೆ ಸಾಮಾನ್ಯ ಕೆಡಿವಿಯ ಸರಿದ ನಕಲು. 2001ರಲ್ಲಿ ಕಾರ್ಸ್ಟಿಯಾ, ರಮಣಿ, ಗ್ರಾಮಾಟಿಕೋಸ್ ಈ ಷರತ್ತನ್ನು ತೆಗೆದುಹಾಕಿದ ರೂಪವನ್ನು ಕೊಟ್ಟರು.

## ಎರಡನೆಯ ಸಾಲಿಟಾನ್ ಬಂದ ಮೇಲೆ

ಡಿಕ್ಕಿ ಆದ್ಮೇಲೆ ಏನಾಗುತ್ತೆ? ಸಂಖ್ಯೆ ಹಾಕಿ ತೋರಿಸಿ.

ಕೆ₁ = 2, ಕೆ₂ = 1 ತೆಗೆದುಕೊಳ್ಳಿ. ಎತ್ತರಗಳು 2 ಮತ್ತು 0.5, ವೇಗಗಳು 4 ಮತ್ತು 1. ಎ = (1 − 2ಝೀಟಾ₁ಝೀಟಾ₂)/9, ಬಿ = (ಝೀಟಾ₁−ಝೀಟಾ₂)/3.

ಸಾಮಾನ್ಯ ಭಾಗದಲ್ಲಿ ಹೊಸದೇನಿಲ್ಲ. 9ರ ಸ್ವಾಭಾವಿಕ ಲಾಗ್ 2.197. ವೇಗದ ಸಾಲಿಟಾನ್ 1.10ರಷ್ಟು ಮುಂದಕ್ಕೆ, ನಿಧಾನದ್ದು 2.197ರಷ್ಟು ಹಿಂದಕ್ಕೆ ಸರಿಯುತ್ತದೆ. ಈ ಸರಿತಕ್ಕೆ ಝೀಟಾ₁ಝೀಟಾ₂ ಇರುವ ಚಿಕ್ಕ ತಿದ್ದುಪಡಿ ಸೇರುತ್ತದೆ.

ಬೆಸ ಭಾಗದ ಕಥೆಯೇ ಬೇರೆ. ವೇಗದ ಸಾಲಿಟಾನ್ ಬರುವಾಗ ಹೊತ್ತು ತರುವ ಬೆಸ ಸ್ಥಿರಾಂಕ ಝೀಟಾ₁, ಹೋಗುವಾಗ ಅದು 3ಝೀಟಾ₁ − 4ಝೀಟಾ₂. ನಿಧಾನದ್ದು ಬರುವಾಗ 2ಝೀಟಾ₁ − 3ಝೀಟಾ₂, ಹೋಗುವಾಗ ಝೀಟಾ₂. ಸಾಮಾನ್ಯ ಸಾಲಿಟಾನ್ ಡಿಕ್ಕಿಯಲ್ಲಿ ಆಕಾರ ಹಾಗೆಯೇ ಉಳಿದು ಜಾಗ ಮಾತ್ರ ಬದಲಾಗುತ್ತದೆ. ಇಲ್ಲಿ ಬೆಸ ಕ್ಷೇತ್ರದ ಪ್ರಮಾಣವೇ ಬದಲಾಗುತ್ತದೆ. ಈ ಫಲಿತಾಂಶ ನಮಗೆ ಬಹಳ ಪ್ರಿಯ, ಏಕೆಂದರೆ ಅದನ್ನು ತಾಳೆ ನೋಡುವುದೂ ಅಷ್ಟೇ ಸುಲಭ. ಕ್ಸೈಯ ಒಟ್ಟು ಸಂಕಲನ ಕಾಲದೊಂದಿಗೆ ಬದಲಾಗಬಾರದು, ಪ್ರತಿ ಸಾಲಿಟಾನ್ ಅದಕ್ಕೆ ತನ್ನ ಬೆಸ ಸ್ಥಿರಾಂಕದ ಎರಡು ಪಟ್ಟು ಕೊಡುತ್ತದೆ. ಮೊದಲು: ಝೀಟಾ₁ + 2ಝೀಟಾ₁ − 3ಝೀಟಾ₂. ಆಮೇಲೆ: 3ಝೀಟಾ₁ − 4ಝೀಟಾ₂ + ಝೀಟಾ₂. ಎರಡೂ 3(ಝೀಟಾ₁ − ಝೀಟಾ₂).

ಯಾವುದೇ ಕೆಗಳಿಗೆ ಬೇಕಾದರೆ: ವೇಗದ ಸಾಲಿಟಾನ್‌ನ ಝೀಟಾ₁/ಕೆ₁ಗೆ ಡಿಕ್ಕಿಯಿಂದ ಸೇರುವುದು 2ಕೆ₂/(ಕೆ₁−ಕೆ₂) ಗುಣಿಸು (ಝೀಟಾ₁/ಕೆ₁ − ಝೀಟಾ₂/ಕೆ₂). ಎರಡು ಅನುಪಾತಗಳು ಒಂದೇ ಆಗಿದ್ದರೆ ಬದಲಾವಣೆಯೇ ಇಲ್ಲ.

ಕೆ₁ ಮತ್ತು ಕೆ₂ ಹತ್ತಿರ ಹತ್ತಿರ ಇದ್ದಾಗ ಉತ್ತರ ಕೆಟ್ಟುಹೋಗುತ್ತೆ. ತಪ್ಪು ನನ್ನದಾ?

ಬಹುಶಃ ನೀವು ಎಯನ್ನು (ಕೆ₁−ಕೆ₂)²/(ಕೆ₁+ಕೆ₂)² ಗುಣಿಸು (1 − 2ಝೀಟಾ₁ಝೀಟಾ₂/(ಕೆ₁−ಕೆ₂)) ಎಂಬ ರೂಪದಲ್ಲಿ ಬರೆದಿದ್ದೀರಿ. ಲೆಕ್ಕಕ್ಕೆ ಹಾಕುವಾಗ ಮೇಲೆ ಕೊಟ್ಟಂತೆ ಛೇದದಲ್ಲಿ ಕೆ₁−ಕೆ₂ ಬಾರದ ರೂಪವನ್ನೇ ಬಳಸಿ. ಆದರೆ ಡಿಕ್ಕಿಯ ನಂತರದ ಬೆಸ ಸ್ಥಿರಾಂಕ ದೊಡ್ಡದಾಗುವುದು ಲೆಕ್ಕದ ದೋಷವಲ್ಲ, ಪರಿಹಾರದ ಗುಣ.

ಕಂಪ್ಯೂಟರಲ್ಲಿ ಪರೀಕ್ಷೆ ಮಾಡೋದು ಹೇಗೆ? ಸಿಂಪೈ ಸಾಕಾಗುತ್ತಾ?

ಸಾಕು, ಆದರೆ ಎಚ್ಚರ. ಸಿಂಪೈನಲ್ಲಿ (ಪೈಥಾನ್‌ನ ಬೀಜಗಣಿತ ಲೈಬ್ರರಿ) ಸಂಕೇತವನ್ನು "ನಾನ್‌ಕಮ್ಯುಟೇಟಿವ್" ಎಂದು ಘೋಷಿಸಿದ ಮಾತ್ರಕ್ಕೆ ಅದು ಗ್ರಾಸ್‌ಮನ್ ಆಗುವುದಿಲ್ಲ. ಝೀಟಾದ ವರ್ಗ ಸೊನ್ನೆ ಎಂಬುದು ಅದಕ್ಕೆ ಗೊತ್ತಿಲ್ಲ. ಬೆಸ ಸಂಕೇತಗಳನ್ನೇ ಕಂಪ್ಯೂಟರಿಗೆ ಕೊಡದಿರುವುದು ಒಳ್ಳೆಯ ದಾರಿ. ಸಹಗುಣಕಗಳಿಗೆ ಇಳಿದರೆ ಎಲ್ಲವೂ ಸಾಮಾನ್ಯ ಸಮೀಕರಣಗಳು:

ಯು₀ ಸಾಮಾನ್ಯ ಕೆಡಿವಿಯನ್ನು ಪಾಲಿಸಬೇಕು.
ಪಿ₁, ಪಿ₂ ಪ್ರತಿಯೊಂದೂ: ∂ಟಿ ಪಿ + ∂³ಪಿ + 3∂(ಯು₀·ಪಿ) = 0
ಕ್ಯು: ∂ಟಿ ಕ್ಯು + ∂³ಕ್ಯು + 6∂(ಯು₀·ಕ್ಯು) = 3(ಪಿ₁·∂²ಪಿ₂ − ಪಿ₂·∂²ಪಿ₁)

ಕೆ₁ = 2, ಕೆ₂ = 1ಕ್ಕೆ ಎಂ = 1 + ವೈ₁ + ವೈ₂ + ವೈ₁ವೈ₂/9 ಎಂದಿಟ್ಟುಕೊಳ್ಳಿ. ಆಗ ಯು₀ = 2∂²(ಲಾಗ್ ಎಂ), ಪಿ₁ = 2∂[(ವೈ₁ + ವೈ₁ವೈ₂/3)/ಎಂ], ಪಿ₂ = 2∂[(ವೈ₂ − ವೈ₁ವೈ₂/3)/ಎಂ], ಕ್ಯು = −(4/9)∂²(ವೈ₁ವೈ₂/ಎಂ).

ಅವಕಲನವನ್ನು ಸೂತ್ರದಿಂದಲೇ ಮಾಡಿ, ಆಮೇಲೆ ಸಂಖ್ಯೆ ಹಾಕಿ. 10⁻³ ಅಂತರದ ಬಿಂದುಗಳಿಂದ ಮೂರನೆಯ ಅವಕಲನ ತೆಗೆದರೆ ಸಾಮಾನ್ಯ ಡಬಲ್ ಪ್ರಿಸಿಷನ್‌ನ 10⁻¹⁶ ದೋಷ 10⁻⁹ರಿಂದ ಭಾಗವಾಗಿ 10⁻⁷ರಷ್ಟಾಗುತ್ತದೆ. ಆಗ ಉಳಿಕೆ (ಪರಿಹಾರವನ್ನು ಸಮೀಕರಣಕ್ಕೆ ಹಾಕಿದ ಮೇಲೆ ಸೊನ್ನೆಯಾಗದೆ ಉಳಿದದ್ದು) ಕಂಡರೆ ಅದು ಸೂತ್ರದ ತಪ್ಪೋ ಯಂತ್ರದ ತಪ್ಪೋ ತಿಳಿಯದು. ಎಂಪಿಮ್ಯಾತ್‌ನಲ್ಲಿ (ಹೆಚ್ಚು ಅಂಕಿಗಳ ಲೆಕ್ಕಕ್ಕೆ ಇರುವ ಪೈಥಾನ್ ಲೈಬ್ರರಿ) 50 ಅಂಕಿ ಇಟ್ಟರೆ ಈ ಗೊಂದಲವಿಲ್ಲ. ಇನ್ನೊಂದು ತೊಡಕು: ಈಟಾ 709 ದಾಟಿದರೆ ಡಬಲ್ ಪ್ರಿಸಿಷನ್‌ನಲ್ಲಿ ಎಕ್ಸ್‌ಪೊನೆನ್ಷಿಯಲ್ ತುಂಬಿ ಹರಿಯುತ್ತದೆ. ದೊಡ್ಡ ಕಾಲಕ್ಕೆ ಅಂಶ, ಛೇದ ಎರಡನ್ನೂ ಅತಿ ದೊಡ್ಡ ಪದದಿಂದ ಮೊದಲೇ ಭಾಗಿಸಿ.

ಉಳಿಕೆ ಸೊನ್ನೆ ಬರ್ತಾ ಇಲ್ಲ ಮಾರಾಯ್ರೆ. ತಪ್ಪು ಎಲ್ಲಿದೆ ಅಂತ ಹುಡುಕುದು ಹೇಗೆ?

ಉಳಿಕೆ ಯಾವ ಸಮೀಕರಣದಲ್ಲಿ ನಿಂತಿದೆ ಎಂಬುದೇ ಸುಳಿವು. ಯು₀ನಲ್ಲಿದ್ದರೆ ಕೆ³ ಅಥವಾ 1/9 ತಪ್ಪಿದೆ, ಬೆಸ ಭಾಗಕ್ಕೂ ಅದಕ್ಕೂ ಸಂಬಂಧವಿಲ್ಲ. ಪಿ₁, ಪಿ₂ಗಳಲ್ಲಿದ್ದರೆ ಬಿ ತಪ್ಪು. ಕ್ಯುನಲ್ಲಿ ಮಾತ್ರ ಇದ್ದರೆ ಎಯ 2ಝೀಟಾ₁ಝೀಟಾ₂ ಪದ ಬಿಟ್ಟುಹೋಗಿದೆ ಅಥವಾ ಚಿಹ್ನೆ ತಿರುಗಿದೆ. ಎಲ್ಲಕ್ಕಿಂತ ಹೆಚ್ಚು ಕಾಣುವುದು ಈ ಮೂರನೆಯದೇ.

ಚಿಹ್ನೆ ತಿರುಗುವುದು ಸಾಮಾನ್ಯವಾಗಿ ಎರಡು ಕಡೆ. ಥೀಟಾ·ಝೀಟಾ ಬದಲು ಝೀಟಾ·ಥೀಟಾ ಎಂದು ಬರೆದರೆ ಡಿ ಹಚ್ಚಿದಾಗ −ಝೀಟಾ ಬರುತ್ತದೆ. ಡಿಯನ್ನು ಬೆಸ ಪದದ ಮೇಲಿಂದ ದಾಟಿಸುವಾಗ ಋಣ ಚಿಹ್ನೆ ಮರೆತುಹೋಗುತ್ತದೆ. ಎಲ್ಲ ಝೀಟಾಗಳ ಚಿಹ್ನೆಯೂ ಒಟ್ಟಿಗೆ ತಿರುಗಿದ್ದರೆ ಮಾತ್ರ ಚಿಂತೆಯಿಲ್ಲ. ಕ್ಸೈಯನ್ನು −ಕ್ಸೈ ಮಾಡಿದರೂ ಸಮೀಕರಣ ಬದಲಾಗದು.

## ಇನ್ನೂ ಮುಂದೆ

ಎರಡು ಸಾಲಿಟಾನ್ ಸಿಕ್ಕರೆ ಸಮೀಕರಣ ಇಂಟಿಗ್ರಬಲ್ ಅಂತ ಹೇಳಬಹುದಾ?

ಹೇಳಬಾರದು. ಒಂದೇ ಎಫ್ ಇರುವ ಇಂಥ ದ್ವಿರೇಖೀಯ ರೂಪ ಸಿಕ್ಕರೆ ಎರಡು ಸಾಲಿಟಾನ್ ಹೆಚ್ಚುಕಡಿಮೆ ಪುಕ್ಕಟೆ. ಪರೀಕ್ಷೆ ಇರುವುದು ಮೂರನೆಯದರಲ್ಲಿ, ಅಲ್ಲಿ ಹೊಸ ಸ್ಥಿರಾಂಕ ಸೇರಿಸಲು ಅವಕಾಶವಿಲ್ಲದೆ ಎಲ್ಲವೂ ಹೊಂದಬೇಕು.

ಸೂಪರ್ ಕೆಡಿವಿಯಲ್ಲಿ ಹೊಂದುತ್ತದೆ. ಆಲ್ಫಾ₁₂ = (ಕೆ₁+ಕೆ₂)/(ಕೆ₁−ಕೆ₂), ಹೀಗೆ ಪ್ರತಿ ಜೋಡಿಗೂ ಬರೆದರೆ ವೈ₁ವೈ₂ವೈ₃ ಪದದ ಸಮ ಸಹಗುಣಕವನ್ನು ಹೊರಗೆ ತೆಗೆದ ಮೇಲೆ ಥೀಟಾದೊಂದಿಗೆ ಉಳಿಯುವ ಬೆಸ ಭಾಗ ಆಲ್ಫಾ₁₂ಆಲ್ಫಾ₁₃ಝೀಟಾ₁ + ಆಲ್ಫಾ₂₁ಆಲ್ಫಾ₂₃ಝೀಟಾ₂ + ಆಲ್ಫಾ₃₁ಆಲ್ಫಾ₃₂ಝೀಟಾ₃. ಪ್ರತಿ ಝೀಟಾದ ಬದಲು ಎಪ್ಸಿಲಾನ್·ಕೆ ಹಾಕಿ, ಉತ್ತರ ಎಪ್ಸಿಲಾನ್(ಕೆ₁+ಕೆ₂+ಕೆ₃) ಬರಬೇಕು. ಕೆಗಳು 3, 2, 1 ಆದರೆ: 5·2·3 − 5·3·2 + 2·3·1 = 6. ಸರಿ. ಮೂರೂ ಒಟ್ಟಿಗೆ ಸೇರಿದಾಗ ಮಾತ್ರ ಕಾಣುವ ಹೊಸ ಪರಿಣಾಮವೇನೂ ಇಲ್ಲ. ಮೂರನೆಯದು ದಾಟಿದ ಮೇಲೆ ಝೀಟಾ₁, ಝೀಟಾ₂ಗಳು ಬದಲಾಗಿ ಬರುವ ಬೆಲೆಗಳನ್ನು ಎರಡು ಸಾಲಿಟಾನ್ ಸೂತ್ರಕ್ಕೆ ಹಾಕಿದರೆ ಇದೇ ಸಿಗುತ್ತದೆ.

ಹಿರೋಟಾ ಬಿಟ್ಟು ಬೇರೆ ದಾರಿ ಇಲ್ವಾ? ಲ್ಯಾಕ್ಸ್ ಜೋಡಿಯಿಂದ ಮಾಡಬಹುದಾ?

ಮಾಡಬಹುದು. ಲ್ಯಾಕ್ಸ್ ಜೋಡಿ ಎಂದರೆ ಸಮೀಕರಣವನ್ನು ಎರಡು ರೇಖೀಯ ಆಪರೇಟರ್‌ಗಳ ಹೊಂದಾಣಿಕೆಯಾಗಿ ಬರೆಯುವುದು. ಇಲ್ಲಿನ ಲ್ಯಾಕ್ಸ್ ಆಪರೇಟರ್ ∂² + ಫೈ·ಡಿ. ಅದರಿಂದ, ಒಂದು ಪರಿಹಾರದಿಂದ ಇನ್ನೊಂದನ್ನು ಹುಟ್ಟಿಸುವ ಡಾರ್ಬು ರೂಪಾಂತರ ಕಟ್ಟುತ್ತಾರೆ. ಹಿನ್ನೆಲೆ ಸೊನ್ನೆಯಲ್ಲದಿದ್ದಾಗ, ಅಥವಾ ಸಾಲಿಟಾನ್‌ಗಳನ್ನು ಒಂದರ ಮೇಲೊಂದು ಪೇರಿಸುತ್ತ ಹೋಗಬೇಕಾದಾಗ ಅದೇ ಲೇಸು. ಎರಡು, ಮೂರು ಸಾಲಿಟಾನ್‌ಗಳ ಸ್ಪಷ್ಟ ಸೂತ್ರವೇ ಗುರಿಯಾದರೆ ಹಿರೋಟಾ ದಾರಿ ಹತ್ತಿರದ್ದು, ಏಕೆಂದರೆ ಪ್ರತಿ ಹಂತದಲ್ಲೂ ತಪ್ಪು ಕಣ್ಣಿಗೆ ಬೀಳುತ್ತದೆ.

ಸೈನ್ ಗಾರ್ಡನ್‌ಗೂ, ಎನ್=2 ಕೆಡಿವಿಗೂ ಇದೇ ವಿಧಾನ ಓಡುತ್ತಾ?

ಸೂಪರ್ ಸೈನ್ ಗಾರ್ಡನ್ 1977ರಿಂದ ಇದೆ, ಡಿ ವೆಕ್ಕಿಯಾ ಮತ್ತು ಫೆರಾರಾ ಬರೆದದ್ದು. ಅಲ್ಲಿ ಥೀಟಾಗಳು ಎರಡು, ಬೆಸ ಅವಕಲನಗಳೂ ಎರಡು, ಎಫ್‌ನ ಜೊತೆಗೆ ಜಿ ಕೂಡ ಬೇಕು. ಆದರೂ "ಕೆಗೆ ಒಂದು ಝೀಟಾ, ಅಡ್ಡಪದಕ್ಕೆ ತನ್ನದೇ ಬೆಸ ಭಾಗ" ಎಂಬ ಚೌಕಟ್ಟು ಅದೇ.

ಎನ್=2ರಲ್ಲಿ ಲೆಕ್ಕ ಶುರುಮಾಡುವ ಮುನ್ನ ಪ್ಯಾರಾಮೀಟರ್ ನೋಡಿ. 1988ರಲ್ಲಿ ಲಾಬರ್ಜ್ ಮತ್ತು ಮ್ಯಾಥ್ಯೂ ಪರಿಶೀಲಿಸಿದ ಕುಟುಂಬದಲ್ಲಿ ಎ ಎಂಬ ಒಂದು ಸ್ಥಿರಾಂಕವಿದೆ (ಮೇಲಿನ ಅಡ್ಡಪದದ ಎ ಅಲ್ಲ). ಆ ಕುಟುಂಬದಲ್ಲಿ ಇಂಟಿಗ್ರಬಲ್ ಎಂದು ಗೊತ್ತಿರುವ ಬೆಲೆಗಳು −2, 1 ಮತ್ತು 4. ಬೇರೆ ಬೆಲೆ ಹಾಕಿಯೂ ಒಂದು ಸಾಲಿಟಾನ್ ಸಿಗಬಹುದು, ಅದರಿಂದ ಉತ್ತೇಜನಗೊಂಡು ಮುಂದೆ ಹೋಗಬೇಡಿ. ಈ ಮೂರರಲ್ಲೂ ದ್ವಿರೇಖೀಯ ರೂಪ ಒಂದೇ ಥರ ಇರುವುದಿಲ್ಲ, ಒಂದರ ಸೂತ್ರವನ್ನು ಇನ್ನೊಂದಕ್ಕೆ ನಕಲು ಮಾಡಲಾಗದು. ಮೊದಲು ಎಲ್ಲ ಬೆಸ ಕ್ಷೇತ್ರಗಳನ್ನು ಸೊನ್ನೆ ಮಾಡಿ ಉಳಿಯುವ ಎರಡು ಸಾಮಾನ್ಯ ಕ್ಷೇತ್ರಗಳ ಸಾಲಿಟಾನ್‌ಗಳನ್ನು ಹುಡುಕಿ. ಅದು ಸರಿಯಾಗಿ ಕೂತ ಮೇಲೆ ಝೀಟಾಗಳನ್ನು ಒಂದೊಂದಾಗಿ ಸೇರಿಸಿ.